ಮಂಡಿ ಆಪರೇಷನ್ ನಂತರ ಒಂದು ವರ್ಷ ಬಳಸಿದ ಆ್ಯಪ್: ಮೂರೂವರೆ ಸ್ಟಾರ್

ಮಂಡಿ ಬದಲಿ ಆಪರೇಷನ್ ಆದವರಿಗೆ ಆಸ್ಪತ್ರೆಯವರು ಫೋನ್‌ಗೆ ಹಾಕಿಕೊಡುವ ಆ್ಯಪ್ ಇದು. ವ್ಯಾಯಾಮದ ವಿಡಿಯೋಗಳು ಚೆನ್ನಾಗಿವೆ. ಆದರೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 'ಹೀಗಾಗುವುದು ಸಹಜವೇ?' ಎನ್ನುವ ಭಾಗ.

ಡಿಸ್ಚಾರ್ಜ್ ಮಾಡುವಾಗ ಹೇಳಿದ್ದು ಯಾರಿಗೆ ತಾನೇ ಪೂರ್ತಿ ನೆನಪಿರುತ್ತದೆ? ಮಾತ್ರೆಯ ಮಂಪರು ಬೇರೆ. ಅನುಮಾನಗಳೆಲ್ಲ ಶುರುವಾಗುವುದು ಮನೆಗೆ ಬಂದ ಮೇಲೆ, ಅದೂ ರಾತ್ರಿ ಹೊತ್ತು. ಗಾಯದ ಹೊರಬದಿ ಮುಟ್ಟಿದರೆ ಸ್ಪರ್ಶವೇ ಗೊತ್ತಾಗುವುದಿಲ್ಲ. ನಡೆದರೆ ಒಳಗೆ ಟಕ್ ಟಕ್ ಸದ್ದು. ಇನ್ನೊಂದು ಮಂಡಿಗಿಂತ ಆಪರೇಷನ್ ಆದ ಮಂಡಿ ಬಿಸಿ. ಚರ್ಮದ ಸಣ್ಣ ನರಗಳು ತುಂಡಾಗಿರುವುದರಿಂದ ಮರಗಟ್ಟುತ್ತದೆ, ಸದ್ದು ಕೃತಕ ಮಂಡಿಯ ಲೋಹಕ್ಕೆ ಅದರ ಪ್ಲಾಸ್ಟಿಕ್ ತಾಗುವುದರಿಂದ, ಬಿಸಿ ಮತ್ತು ಊತ ಕೆಲವು ತಿಂಗಳು ಇರಬಹುದು ಎಂದು ನಾಲ್ಕು ಸಾಲಿನಲ್ಲಿ ಹೇಳಿದ್ದಾರೆ. ಮೀನಖಂಡ ಊದಿ ನೋಯುವುದು, ಜ್ವರ, ಗಾಯದಿಂದ ಕೀವು ಇದ್ದರೆ ತಕ್ಷಣ ಫೋನ್ ಮಾಡಿ, ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ ಎಂಬುದನ್ನು ಕೆಂಪು ಅಕ್ಷರದಲ್ಲಿ ಬೇರೆಯೇ ಇಟ್ಟಿದ್ದಾರೆ. ಇದು ಒಳ್ಳೆಯ ಕೆಲಸ.

ದಿಂಬಿನ ವಿಡಿಯೋ ನನಗೆ ಬಹಳ ಇಷ್ಟ. ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ. ಮನೆಯವರೂ ಪ್ರೀತಿಯಿಂದ ತಂದು ಇಡುತ್ತಾರೆ. ಆದರೆ ಅದೇ ರೂಢಿಯಾದರೆ ಕಾಲು ಪೂರ್ತಿ ನೇರವಾಗದೆ ಉಳಿದುಬಿಡಬಹುದು. ದಿಂಬು ಇಡಬೇಕಾದದ್ದು ಹಿಮ್ಮಡಿ ಕೆಳಗೆ. ನಾನು ಹೇಳಿದರೆ ಯಾರೂ ಕೇಳಲಿಲ್ಲ, ವಿಡಿಯೋ ತೋರಿಸಿದೆ, ವಾದ ಮುಗಿಯಿತು. ಮೆಟ್ಟಿಲಿನ ಪಾಠವೂ ಹಾಗೇ: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ.

ಕ್ಯಾಮೆರಾದಿಂದ ಮಂಡಿ ಎಷ್ಟು ಮಡಚುತ್ತದೆ ಎಂದು ಅಳೆಯುವ ಸೌಲಭ್ಯ ಮಾತ್ರ ಸುಮ್ನೆ. ಸಡಿಲ ಪ್ಯಾಂಟ್ ಹಾಕಿದರೆ ಒಂದು ಲೆಕ್ಕ, ಚಡ್ಡಿ ಹಾಕಿದರೆ ಇನ್ನೊಂದು. ಫಿಸಿಯೋ 90 ಡಿಗ್ರಿ ದಾಟಿಲ್ಲ ಅಂದ ದಿನ ಇದು 100 ತೋರಿಸಿ ಚಪ್ಪಾಳೆ ತಟ್ಟಿತು! ಫಿಸಿಯೋ ಬಳಿ ಹೋಗುವುದನ್ನು ಇದಕ್ಕಾಗಿ ತಪ್ಪಿಸಬೇಡಿ.

ಸ್ಟಾರ್ ಕಡಿಮೆಯಾದದ್ದು ಮಾತ್ರ ಇನ್ನೊಂದು ಕಾರಣಕ್ಕೆ. 12 ವಾರಕ್ಕೆ 'ಅಭಿನಂದನೆಗಳು' ಎಂದು ಪಾಠ ನಿಂತುಹೋಗುತ್ತದೆ. ಪೂರ್ತಿ ಸುಧಾರಿಸಲು ಒಂದು ವರ್ಷವೂ ಹಿಡಿಯುತ್ತದೆ, ಅಲ್ವಾ? ಮಂಡಿಯೂರಬಹುದಾ, ವಿಮಾನ ನಿಲ್ದಾಣದ ಮೆಟಲ್ ಡಿಟೆಕ್ಟರ್ ಕೂಗಿದರೆ ಏನು ಹೇಳಬೇಕು, ಜಾಸ್ತಿ ನಡೆದ ದಿನ ಸಂಜೆ ಮತ್ತೆ ಊದಿಕೊಂಡರೆ ಏನು ಮಾಡಬೇಕು? ಇಂಥ ಪ್ರಶ್ನೆಗಳು ಬರುವುದೇ ಆಮೇಲೆ. ಆಗ ಆ್ಯಪ್ ತೆರೆದರೆ ಸಿಗುವುದು ಹಳೇ ವಿಡಿಯೋಗಳು ಮತ್ತು 'ನಮಗೆ ರೇಟಿಂಗ್ ಕೊಡಿ' ಎಂಬ ಕೋರಿಕೆ.