ಕ್ಯಾಬಿನೆಟ್ ಪ್ಯಾಟರ್ನ್ ಸ್ಕ್ರೂಡ್ರೈವರ್ ಸೆಟ್: ಹಿಡಿಗೆ ಫುಲ್ ಮಾರ್ಕ್ಸ್, ತುದಿಗೆ ಕೊಡಲಾರೆ

ಇಂಗ್ಲೆಂಡಿನ ಹಳೇ ಮಾದರಿ ಇದು. ಗುಂಡನೆಯ ಉಕ್ಕಿನ ಸರಳು, ಮೊಟ್ಟೆ ಹಾಗೆ ಉಬ್ಬಿದ ಮರದ ಹಿಡಿ, ಹಿಡಿಯ ಬಾಯಿಗೆ ಲೋಹದ ಬಳೆ. ಹಿಡಿ ಪೂರ್ತಿ ದುಂಡಗಿಲ್ಲ, ಎರಡು ಕಡೆ ಸ್ವಲ್ಪ ಚಪ್ಪಟೆ, ಹಾಗಾಗಿ ಅಂಗೈ ತುಂಬಾ ಕೂರುತ್ತದೆ, ಮೇಜಿನಿಂದ ಉರುಳಿ ಬೀಳುವುದೂ ಇಲ್ಲ. ಬಿಗಿ ಸ್ಕ್ರೂ ತಿರುಗಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಹಿಡಿಯ ಏಣುಗಳು ಕೈಗೆ ಕೊರೆಯುತ್ತವಲ್ವಾ, ಆ ಕಾಟ ಇಲ್ಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬಳೆಯ ಜಾಗ. ಅಲ್ಲಿ ಸರಳು ಚಪ್ಪಟೆಯಾಗಿ ಅಗಲವಾಗಿ, ಬಳೆಯಲ್ಲಿ ಕೊರೆದ ಸೀಳಿನೊಳಗೆ ಕೂತಿದೆ. ಎಷ್ಟು ಜೋರು ಕೊಟ್ಟರೂ ಹಿಡಿಯೊಳಗೆ ಸರಳು ಸುಮ್ನೆ ತಿರುಗುವುದಿಲ್ಲ. ತುಕ್ಕು ಹಿಡಿದ ಸ್ಕ್ರೂ ಆದರೆ ಆ ಚಪ್ಪಟೆ ಭಾಗಕ್ಕೇ ಸ್ಪ್ಯಾನರ್ ಹಾಕಿ ತಿರುಗಿಸಬಹುದು.

ಈಗ ಬೈಗುಳ. ತುದಿಯನ್ನು ಉಳಿಯ ಹಾಗೆ ಇಳಿಜಾರು ಮಾಡಿ ಕಳಿಸಿದ್ದಾರೆ. ಇಳಿಜಾರು ತುದಿ ಸ್ಕ್ರೂ ಸೀಳಿನ ಮೇಲಂಚನ್ನು ಮಾತ್ರ ಮುಟ್ಟುತ್ತದೆ, ಜೋರು ಕೊಟ್ಟ ಕೂಡಲೇ ಮೇಲಕ್ಕೆ ಜಾರಿ ಸೀಳನ್ನು ಹಾಳು ಮಾಡುತ್ತದೆ, ಹಿತ್ತಾಳೆ ಸ್ಕ್ರೂ ಆದರಂತೂ ಕೇಳಲೇಬೇಡಿ. ಅರ ಹಿಡಿದು ಎರಡೂ ಮುಖ ಸಮಾನಾಂತರ ಮಾಡಿಕೊಂಡ ಮೇಲೆ ಕಚ್ಚಿ ನಿಲ್ಲುತ್ತಿದೆ. ವಾರ್ನಿಷ್ ಕೂಡ ದಪ್ಪ, ಬೆವರಿನ ಕೈಗೆ ನುಣುಪು. ಉಜ್ಜಿ ತೆಗೆದು ಅಗಸೆ ಎಣ್ಣೆ ಸವರಿದರೆ ಸರಿಹೋಗುತ್ತದೆ. ದುಡ್ಡು ಕೊಟ್ಟವರು ಈ ಕೆಲಸ ಯಾಕೆ ಮಾಡಬೇಕು ಅನ್ನುವುದು ಬೇರೆ ಮಾತು.

ಬೇರೆ ಮಾದರಿಗಳೂ ಇವೆ. ಲಂಡನ್ ಪ್ಯಾಟರ್ನ್ ನೋಡಲು ಚೆಂದ, ಸೊಂಟ ಸಣ್ಣಗಿರುವ ಅಗಲ ಚಪ್ಪಟೆ ಬ್ಲೇಡ್, ಆದರೆ ಆಳದ ತೂತಿನೊಳಗೆ ಕೂತ ಸ್ಕ್ರೂಗೆ ಅದು ಇಳಿಯುವುದೇ ಇಲ್ಲ. ಸ್ಕಾಚ್ ಪ್ಯಾಟರ್ನ್ ಕೂಡ ಚಪ್ಪಟೆಯೇ, ಅಷ್ಟು ವಯ್ಯಾರ ಇಲ್ಲ. ಪರ್ಫೆಕ್ಟ್ ಪ್ಯಾಟರ್ನ್‌ನಲ್ಲಿ ಉಕ್ಕು ಒಂದೇ ತುಂಡಾಗಿ ಹಿಡಿಯ ಕೊನೆತನಕ ಹೋಗುತ್ತದೆ, ಎರಡೂ ಬದಿಗೆ ಮರದ ಪಟ್ಟಿ ಇಟ್ಟು ರಿವೆಟ್ ಹೊಡೆದಿರುತ್ತಾರೆ. ಸುತ್ತಿಗೆ ಏಟು ಬೀಳುವ ಒರಟು ಕೆಲಸಕ್ಕೆ ಅದೇ ಸರಿ. ಸೆಕೆಂಡ್ ಹ್ಯಾಂಡ್ ಹುಡುಕುವವರು ಟರ್ನ್‌ಸ್ಕ್ರೂ ಅಂತಲೂ ಹುಡುಕಿ, ಇಂಗ್ಲಿಷಿನಲ್ಲಿ ಸ್ಕ್ರೂಡ್ರೈವರಿಗೆ ಹಳೇ ಹೆಸರು ಅದು.

ಪ್ಲಸ್ ಸ್ಕ್ರೂ ಮಾತ್ರ ಬಳಸುವವರಿಗೆ ಈ ಸೆಟ್ ಬೇಡ. ಹಳೇ ಪೀಠೋಪಕರಣ, ಕದದ ಬಿಜಾಗರಿ ಅಂತ ಕೂರುವವರು ತೆಗೆದುಕೊಳ್ಳಬಹುದು. ಆದರೆ ಪೂರ್ತಿ ಸೆಟ್ ಬದಲು ಬಿಡಿಯಾಗಿ ಎರಡು ಮೂರು ಸೈಜ್ ಸಾಕು. ತುದಿಯ ಅಗಲ ಸ್ಕ್ರೂ ತಲೆಯಷ್ಟೇ ಇರಲಿ, ಜಾಸ್ತಿ ಆದರೆ ಪಕ್ಕದ ಮರಕ್ಕೆ ಗೀರು ಬೀಳುತ್ತದೆ.