ಅಮ್ಮನಿಗೆ ಪವರ್ ಆಫ್ ಅಟಾರ್ನಿ, ದೊಡ್ಡಪ್ಪನಿಗೆ ಗಾರ್ಡಿಯನ್‌ಶಿಪ್: ಎರಡನ್ನೂ ಮಾಡಿ ನೋಡಿದ ಮೇಲೆ

ಅಮ್ಮನ ಪವರ್ ಆಫ್ ಅಟಾರ್ನಿ ಪತ್ರದಲ್ಲಿ ಪ್ರತಿ ಹಾಳೆಯ ಕೆಳಗೂ ಅವಳ ಸಹಿ ಇದೆ. ದೊಡ್ಡಪ್ಪನದು ಕೋರ್ಟ್ ಕೊಟ್ಟ ಗಾರ್ಡಿಯನ್‌ಶಿಪ್ ಆದೇಶ, ಅದರಲ್ಲಿ ಅವರ ಸಹಿ ಎಲ್ಲೂ ಇಲ್ಲ. ಇಬ್ಬರ ಹಣಕಾಸನ್ನೂ ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಕೆಲಸ. ಆದರೆ ಆ ಸಹಿ ಇರುವುದು, ಇಲ್ಲದಿರುವುದು, ಅದೇ ದೊಡ್ಡ ವ್ಯತ್ಯಾಸ.

ಅಮ್ಮನದು ಸುಲಭದಲ್ಲಿ ಆಯಿತು. ಮಂಡಿ ನೋವಿನಿಂದ ಓಡಾಟ ಕಷ್ಟ, ತಲೆ ಮಾತ್ರ ಚುರುಕು. ವಕೀಲರು ತಂದ ಕರಡನ್ನು ಸಾಲು ಸಾಲಿಗೂ ಬೆರಳಿಟ್ಟು ಓದಿದಳು. ಮನೆ ಮಾರುವ ಅಧಿಕಾರದ ಸಾಲಿಗೆ ಬಂದಾಗ ಬೆರಳು ನಿಂತಿತು. "ಇದು ಬೇಡಪ್ಪಾ. ಬಾಡಿಗೆ ತಗೋ, ಬ್ಯಾಂಕ್ ನೋಡ್ಕೋ, ತೆರಿಗೆ ಕಟ್ಟು. ನಾನಿರೋವರೆಗೆ ಮನೆ ಮುಟ್ಟಬೇಡ" ಅಂದಳು. ವಕೀಲರು ಆ ಸಾಲು ತೆಗೆದು ಮತ್ತೆ ಟೈಪ್ ಮಾಡಿಸಿದರು. ಒಂದು ವಾರದೊಳಗೆ ಕೆಲಸ ಮುಗಿಯಿತು.

ಪವರ್ ಆಫ್ ಅಟಾರ್ನಿ ಅಂದರೆ ಇಷ್ಟೇ. ಅಮ್ಮ ತನ್ನ ಅಧಿಕಾರವನ್ನು ನನಗೆ ಬಿಟ್ಟುಕೊಟ್ಟಿಲ್ಲ, ನನ್ನ ಜೊತೆ ಹಂಚಿಕೊಂಡಿದ್ದಾಳೆ. ಚೆಕ್‌ಗೆ ಅವಳೂ ಸಹಿ ಹಾಕಬಹುದು, ನಾನೂ ಹಾಕಬಹುದು. ನಾಳೆ ನನ್ನ ಮೇಲೆ ನಂಬಿಕೆ ಹೋದರೆ ಅಧಿಕಾರ ವಾಪಸ್ ತೆಗೆದುಕೊಳ್ಳಬಹುದು.

ದೊಡ್ಡಪ್ಪನಿಗೆ ಮಕ್ಕಳಿಲ್ಲ. ಅವರೂ ಎಷ್ಟೋ ವರ್ಷದ ಹಿಂದೆ ಬ್ಯಾಂಕ್ ಕೆಲಸಕ್ಕೆ ಅಂತ ನನಗೊಂದು ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಅದು ಬೀರುವಿನಲ್ಲಿದೆ ಅನ್ನೋ ಧೈರ್ಯದಲ್ಲಿ ನಾನಿದ್ದೆ. ಲಕ್ವ ಹೊಡೆದು ಮಾತು, ನೆನಪು ಎರಡೂ ಹೋದಾಗ ಅದೇ ಕಾಗದ ಹಿಡಿದು ಬ್ಯಾಂಕಿಗೆ ಹೋದೆ. "ಅವರಿಗೆ ಈಗ ತಿಳುವಳಿಕೆ ಇದೆಯಾ?" ಅಂತ ಅಲ್ಲಿನ ಅಧಿಕಾರಿ ಕೇಳಿದರು. ಇಲ್ಲ ಅಂದೆ. ಕಾಗದ ಮಡಚಿ ನನ್ನ ಕೈಗೆ ಕೊಟ್ಟರು.

ಅವರದು ತಪ್ಪಲ್ಲ. ಸಾಮಾನ್ಯ ಪವರ್ ಆಫ್ ಅಟಾರ್ನಿಯ ಸ್ವಭಾವವೇ ಅದು. ಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇರುವವರೆಗೆ ಮಾತ್ರ ಅದಕ್ಕೆ ಜೀವ. ಭಾರತದ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುವುದೂ ಇದನ್ನೇ: ಅಧಿಕಾರ ಕೊಟ್ಟವರು ತೀರಿಕೊಂಡರೂ, ಬುದ್ಧಿಸ್ವಾಧೀನ ಕಳೆದುಕೊಂಡರೂ ಆ ಅಧಿಕಾರ ಅಲ್ಲಿಗೆ ಮುಗಿಯಿತು. ನಮಗೆ ಅದು ಅತಿ ಜಾಸ್ತಿ ಬೇಕಾಗುವ ಹೊತ್ತಿಗೇ ಅದು ಸತ್ತಿರುತ್ತದೆ. ಎಲ್ಲ ಕಡೆ ಹೀಗಿಲ್ಲ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆ ಮಾಡಿರುವ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಬುದ್ಧಿ ಮಂಕಾದ ಮೇಲೂ ನಿಲ್ಲುತ್ತದೆ. ಹಣಕ್ಕೆ ಒಂದು, ಆರೋಗ್ಯಕ್ಕೆ ಒಂದು ಅಂತ ಎರಡು ಬಗೆ ಇದೆ. ಅಮೆರಿಕದಲ್ಲಿ ಇಂಥದ್ದಕ್ಕೆ ಡ್ಯೂರಬಲ್ ಅನ್ನುತ್ತಾರೆ. ನಿಮ್ಮ ಕೈಲಿರುವ ಕಾಗದ ಯಾವ ಬಗೆಯದು ಅಂತ ಇವತ್ತೇ ಒಮ್ಮೆ ವಕೀಲರಿಗೆ ತೋರಿಸಿ. ನಾನು ತೋರಿಸಿರಲಿಲ್ಲ.

ಆಮೇಲೆ ಉಳಿದ ದಾರಿ ಕೋರ್ಟ್ ಒಂದೇ: ಗಾರ್ಡಿಯನ್‌ಶಿಪ್, ಅಂದರೆ ಅವರ ಪರವಾಗಿ ತೀರ್ಮಾನ ಮಾಡೋಕೆ ಕೋರ್ಟೇ ಒಬ್ಬರನ್ನು ನೇಮಿಸೋದು. ಅರ್ಜಿ, ಡಾಕ್ಟರ ಸರ್ಟಿಫಿಕೇಟು, ಆಸ್ತಿ ಪಟ್ಟಿ, ನೆಂಟರಿಗೆಲ್ಲ ನೋಟಿಸು. ತಿಂಗಳುಗಟ್ಟಲೆ ಹಿಡಿಯಿತು. ಅಷ್ಟು ದಿನವೂ ಅವರ ಔಷಧಿ, ನರ್ಸ್ ಖರ್ಚು ನನ್ನ ಜೇಬಿನಿಂದಲೇ. ಅವರ ದುಡ್ಡು ಅವರ ಖಾತೆಯಲ್ಲೇ ಇತ್ತು, ಮುಟ್ಟೋ ಹಾಗಿಲ್ಲ.

ಒಂದು ದಿನ ಕೋರ್ಟಿನಿಂದ ಪರಿಶೀಲನೆಗೆ ಒಬ್ಬರು ಬಂದರು. ಮಂಚದ ಪಕ್ಕ ಕೂತು ಮೆತ್ತಗೆ ಮಾತಾಡಿಸಿದರು. ನನ್ನ ಕಡೆ ತೋರಿಸಿ "ಇವರು ಯಾರು?" ಅಂತ ಕೇಳಿದರು. ದೊಡ್ಡಪ್ಪ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಬಂದವರ ಕೈಯಲ್ಲಿದ್ದ ಪೆನ್ನಿನ ಕಡೆ ಕೈ ಚಾಚಿದರು. ಕೊಟ್ಟಾಗ ಹೊದಿಕೆಯ ಮೇಲೆ ತಮ್ಮ ಸಹಿಯ ಮೊದಲ ಸುಳಿ ಬರೆದು ನಿಲ್ಲಿಸಿದರು. ನೀಲಿ ಗೆರೆ ಹಾಗೇ ಉಳಿಯಿತು. ಅದು ಯಾವ ಕಾಗದಕ್ಕೂ ಬೇಕಿರಲಿಲ್ಲ. ಅವರ ಪರವಾಗಿ ತೀರ್ಮಾನ ಮಾಡೋದು ಯಾರು ಅಂತ ಅವರನ್ನು ಬಿಟ್ಟು ಉಳಿದವರೆಲ್ಲ ಸೇರಿ ನಿರ್ಧಾರ ಮಾಡುತ್ತಿದ್ದೆವು.

ಗಾರ್ಡಿಯನ್‌ಶಿಪ್ ಬಗ್ಗೆ ನನಗೆ ಈಗಲೂ ಚುಚ್ಚುವುದು ಇದೇ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದ, ಅವರ ಬದಲು ತೀರ್ಮಾನ ಮಾಡಬೇಡಿ, ತೀರ್ಮಾನ ಮಾಡೋಕೆ ಅವರಿಗೇ ನೆರವಾಗಿ ಅನ್ನುವ ದಾರಿ ಹಿಡಿದಿದೆ. ಜರ್ಮನಿಯಂತೂ 1992ರಲ್ಲೇ ದೊಡ್ಡವರಿಗೆ ಹಳೆಯ ಮಾದರಿಯ ಗಾರ್ಡಿಯನ್‌ಶಿಪ್ ತೆಗೆದುಹಾಕಿತು. ಯಾವ ವಿಷಯಕ್ಕೆ ನೆರವು ಬೇಕೋ ಅಷ್ಟಕ್ಕೆ ಮಾತ್ರ ಕೋರ್ಟ್ ಒಬ್ಬರನ್ನು ನೇಮಿಸುತ್ತದೆ. ನಿಮ್ಮಲ್ಲೂ ಸೀಮಿತ ಗಾರ್ಡಿಯನ್‌ಶಿಪ್‌ಗೆ ಅವಕಾಶ ಇದ್ದರೆ ಅದನ್ನೇ ಕೇಳಿ. ಎಲ್ಲವನ್ನೂ ಒಟ್ಟಿಗೆ ಕೇಳೋದು ಸುಲಭ ಅನ್ನಿಸುತ್ತದೆ, ಆದರೆ ಆ ಮನುಷ್ಯನ ಕೈಲಿ ಆಮೇಲೆ ಏನೂ ಉಳಿಯೋದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗಾರ್ಡಿಯನ್‌ಶಿಪ್ಪೇ ಮೇಲು ಅಂತ ಒಪ್ಪಿಕೊಳ್ಳಲೇಬೇಕು. ಆರು ತಿಂಗಳಿಗೊಮ್ಮೆ ನಾನು ಕೋರ್ಟಿಗೆ ಲೆಕ್ಕ ಒಪ್ಪಿಸಬೇಕು. ಮೊದಮೊದಲು ಹೊರೆ ಅನ್ನಿಸಿತು. ಆದರೆ "ದುಡ್ಡೆಲ್ಲ ಅವನೇ ತಿಂತಾನೆ" ಅಂತಿದ್ದ ನೆಂಟರ ಬಾಯಿ ಮುಚ್ಚಿಸಿದ್ದು ಆ ಲೆಕ್ಕವೇ. ಪವರ್ ಆಫ್ ಅಟಾರ್ನಿಯಲ್ಲಿ ಕೇಳುವವರು ಯಾರೂ ಇರುವುದಿಲ್ಲ. ಕೊಟ್ಟವರು ಮೆತ್ತಗಿನವರಾಗಿ, ತಗೊಂಡವನು ಕೆಟ್ಟವನಾದರೆ ಖಾತೆ ಖಾಲಿಯಾಗುವವರೆಗೂ ಗೊತ್ತೇ ಆಗೋದಿಲ್ಲ. ಅಣ್ಣ-ತಮ್ಮಂದಿರ ನಡುವೆ ಆಗಲೇ ಜಗಳ ಇದ್ದರೆ, ಹೊರಗಿನವರು ಯಾರೋ ಹಿರಿಯರನ್ನು ಮರುಳು ಮಾಡುತ್ತಿದ್ದರೆ ಕೋರ್ಟಿನ ದಾರಿಯೇ ಸರಿ.

ಮಿಕ್ಕ ಎಲ್ಲದರಲ್ಲೂ ನನ್ನ ಮತ ಪವರ್ ಆಫ್ ಅಟಾರ್ನಿಗೇ: ಬೇಗ ಮಾಡಿ, ಅವರೇ ಓದಿ ಸಹಿ ಹಾಕುವಾಗಲೇ ಮಾಡಿ. ಬುದ್ಧಿ ಮಂಕಾದ ಮೇಲೂ ನಡೆಯುವ ಬಗೆ ನಿಮ್ಮ ಕಾನೂನಿನಲ್ಲಿದ್ದರೆ ಅದನ್ನೇ ಬರೆಸಿ. ಇಲ್ಲದಿದ್ದರೆ ಜಂಟಿ ಖಾತೆ, ಚಿಕಿತ್ಸೆ ಬಗ್ಗೆ ಅವರ ಇಷ್ಟವೇನು ಅನ್ನುವ ಬರಹ, ಇವನ್ನೂ ಆಗಲೇ ಮುಗಿಸಿಬಿಡಿ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಮಾನಸಿಕ ಕಾಯಿಲೆ ಬಂದರೆ ತಮ್ಮ ಪರ ಯಾರು ಮಾತಾಡಬೇಕು ಅಂತ ಮೊದಲೇ ಹೆಸರು ಬರೆದಿಡಬಹುದು.

ದೊಡ್ಡಪ್ಪನ ಲೆಕ್ಕ ಬರೆಯುತ್ತಾ ಕೂತಿದ್ದಾಗ ಅಮ್ಮ ಒಮ್ಮೆ ಬಂದು ನೋಡಿದಳು. "ನನ್ನದೂ ಹೀಗೇ ಬರಿ. ನಾನು ನೋಡ್ತೀನಿ, ಆಮೇಲೆ ನಿನ್ನ ತಂಗಿಗೂ ಕಳಿಸು" ಅಂದಳು. ಈಗ ಆರು ತಿಂಗಳಿಗೊಮ್ಮೆ ಎರಡು ಲೆಕ್ಕ. ಒಂದು ಕೋರ್ಟಿಗೆ ಹೋಗುತ್ತದೆ. ಇನ್ನೊಂದನ್ನು ಅಮ್ಮ ಬೆರಳಿಟ್ಟು ಓದಿ, ಕೆಳಗೆ ಸಹಿ ಹಾಕುತ್ತಾಳೆ.