ಇಬ್ಬರು ನಟರು, ಒಂದು ಹಳೆಯ ಪರಿಚಯ: ನಾಲ್ಕು ಏಕಾಂಕಗಳ ಹೋಲಿಕೆ

ಹಳೆಯ ಪರಿಚಯದವರ ಭೇಟಿಯನ್ನು ಇಬ್ಬರೇ ನಟರ ಏಕಾಂಕವಾಗಿ ರಂಗಕ್ಕೆ ತರುವಾಗ ಮುಖ್ಯವಾದ ತೊಡಕೊಂದು ಎದುರಾಗುತ್ತದೆ. ನಡೆಯಬೇಕಾದದ್ದೆಲ್ಲ ಪರದೆ ಏಳುವ ಮೊದಲೇ ನಡೆದುಹೋಗಿರುತ್ತದೆ; ಒಬ್ಬರು ಅದನ್ನು ಹೇಳತೊಡಗಿದರೆ ಇನ್ನೊಬ್ಬರು ತಲೆಯಾಡಿಸುತ್ತ ಕೂರಬೇಕಾಗುತ್ತದೆ. ಈ ಬಗೆಯ ನಾಲ್ಕು ನಾಟಕಗಳನ್ನು ತಂಡದೊಂದಿಗೆ ತಾಲೀಮು ಮಾಡಿ ನೋಡಿದ ಮೇಲೆ, ಕೇಳುತ್ತ ಕುಳಿತ ನಟರಿಗೆ ನಾಟಕಕಾರ ಎಷ್ಟು ಕೆಲಸ ಕೊಟ್ಟಿದ್ದಾನೆ ಎಂಬುದನ್ನೇ ನಾನು ಮೊದಲ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಈ ಅಳತೆಯಲ್ಲಿ ಹಿಂದೆ ಬೀಳುವುದು ರಷ್ಯಾದ ಚೆಕಾಫ್ 1887ರಲ್ಲಿ ಬರೆದ 'ಸ್ವಾನ್ ಸಾಂಗ್'. ಅರವತ್ತೆಂಟರ ಹಾಸ್ಯನಟನೊಬ್ಬ ಪ್ರದರ್ಶನ ಮುಗಿದ ರಾತ್ರಿ ಖಾಲಿ ರಂಗಮಂದಿರದಲ್ಲಿ ಎಚ್ಚರಗೊಳ್ಳುತ್ತಾನೆ. ಮಲಗಲು ಬೇರೆ ಜಾಗವಿಲ್ಲದೆ ಗುಟ್ಟಾಗಿ ಅಲ್ಲೇ ರಾತ್ರಿ ಕಳೆಯುವ ಮುದಿ ಪ್ರಾಂಪ್ಟರ್ (ನಟರು ಮರೆತ ಮಾತನ್ನು ಮರೆಯಿಂದ ನೆನಪಿಸುವವನು) ಅವನಿಗೆ ಜೊತೆಯಾಗುತ್ತಾನೆ. ಇಬ್ಬರ ಬದುಕೂ ಅದೇ ರಂಗದ ಮೇಲೆ ಸವೆದಿದೆ. ಆದರೆ ಬಹುಪಾಲು ಮಾತು ನಟನದ್ದೇ ಆಗಿರುವುದರಿಂದ ಪ್ರಾಂಪ್ಟರ್ ಪಾತ್ರಧಾರಿಯ ಪಾಲಿಗೆ ಸಮಾಧಾನ ಹೇಳುವುದು, ಕಣ್ಣೀರಿಡುವುದು ಇಷ್ಟೇ ಉಳಿಯುತ್ತದೆ. ಆ ನಟ ಶೇಕ್ಸ್‌ಪಿಯರನ ಲಿಯರ್ ಮತ್ತು ಹ್ಯಾಮ್ಲೆಟ್ ನಾಟಕಗಳ ಮಾತುಗಳಿಗೆ ಕೈಹಾಕಿ, ಪ್ರಾಂಪ್ಟರನೇ ಎದುರು ಪಾತ್ರ ವಹಿಸಬೇಕಾಗಿ ಬಂದಾಗ ಮಾತ್ರ ಇಬ್ಬರ ನಡುವೆ ನಿಜವಾದ ಕೊಡುಕೊಳ್ಳುವಿಕೆ ಮೂಡುತ್ತದೆ. ಒಬ್ಬ ಹಿರಿಯ ನಟನ ಸಾಮರ್ಥ್ಯವನ್ನು ತೋರಿಸಬೇಕೆಂದಿದ್ದರೆ ಇದು ಒಳ್ಳೆಯ ಆಯ್ಕೆ. ಇಬ್ಬರನ್ನೂ ಸಮನಾಗಿ ಬೆಳೆಸಬೇಕೆಂದರೆ ಸಾಲದು.

ಸ್ಪೇನಿನ ಕ್ವಿಂಟೆರೊ ಸಹೋದರರ 'ಎ ಸನ್ನಿ ಮಾರ್ನಿಂಗ್' 1905ರದ್ದು. ಮೂಲದಲ್ಲಿ ಇಬ್ಬರು ಸೇವಕರೂ ಇದ್ದಾರೆ, ಆದರೆ ಅವರ ಭಾಗ ಚಿಕ್ಕದಾದ್ದರಿಂದ ನಾವು ಇಬ್ಬರನ್ನೇ ಇಟ್ಟುಕೊಂಡು ಆಡಿ ನೋಡಿದೆವು. ಮ್ಯಾಡ್ರಿಡ್‌ನ ಉದ್ಯಾನದಲ್ಲಿ ಎಪ್ಪತ್ತರ ಆಸುಪಾಸಿನ ಲಾರಾ ಮತ್ತು ಗೊನ್ಸಾಲೊ ಒಂದೇ ಬೆಂಚಿಗಾಗಿ ಜಗಳವಾಡುತ್ತಾರೆ, ನಶ್ಯ ಹಂಚಿಕೊಂಡು ಸೀನುತ್ತ ರಾಜಿಯಾಗುತ್ತಾರೆ, ಆಮೇಲೆ ಎದುರಿಗಿರುವುದು ತಾನು ಯೌವನದಲ್ಲಿ ಪ್ರೀತಿಸಿದ ವ್ಯಕ್ತಿ ಎಂದು ಇಬ್ಬರಿಗೂ ಗೊತ್ತಾಗುತ್ತದೆ. ಇಲ್ಲಿಂದ ಮುಂದೆ ಇಬ್ಬರೂ ತಾವು ಅವರಲ್ಲವೆಂಬಂತೆ ಸುಳ್ಳು ಹೇಳುತ್ತಾರೆ. ಆ ಪ್ರೇಮಿ ಆಫ್ರಿಕಾದ ಯುದ್ಧದಲ್ಲಿ ಸತ್ತನೆಂದು ಅವನು ಹೇಳಿದರೆ, ಆ ಹುಡುಗಿ ಅವನ ಹೆಸರನ್ನು ಮರಳಿನಲ್ಲಿ ಬರೆಯುತ್ತ ಸಮುದ್ರದ ಪಾಲಾದಳೆಂದು ಅವಳು ಹೇಳುತ್ತಾಳೆ. ಅವನು ನರ್ತಕಿಯೊಬ್ಬಳೊಂದಿಗೆ ಪ್ಯಾರಿಸ್‌ಗೆ ಹೋದದ್ದೂ ಅವಳು ಬೇರೆಯವನನ್ನು ಮದುವೆಯಾದದ್ದೂ ಜನಾಂತಿಕದಲ್ಲಿ, ಎಂದರೆ ಎದುರಿನ ಪಾತ್ರಕ್ಕೆ ಕೇಳಿಸದೆಂಬಂತೆ ಪ್ರೇಕ್ಷಕರಿಗೆ ಆಡುವ ಮಾತಿನಲ್ಲಿ, ನಮಗೆ ಮಾತ್ರ ತಿಳಿಯುತ್ತದೆ. ತನ್ನ ಸಾವಿನ ಕಥೆಯನ್ನು ತಾನೇ ಕಟ್ಟುತ್ತಿರುವ ಮುದುಕನ ಮಾತನ್ನು, ಅವನು ಬದುಕಿದ್ದಾನೆಂದು ಬಲ್ಲ ಲಾರಾ ನಂಬಿದವಳಂತೆ ಕೇಳಬೇಕು. ಇದಕ್ಕಿಂತ ಹೆಚ್ಚಿನ ಕೆಲಸವನ್ನು ಕೇಳುಗರಿಗೆ ಕೊಡುವುದು ಕಷ್ಟ.

ಈ ನಾಟಕದ ಕಷ್ಟವಿರುವುದು ಜನಾಂತಿಕದಲ್ಲಿ. ನಮ್ಮ ನಟರು ಮೊದಮೊದಲು ಅದನ್ನು ನಗೆಚಟಾಕಿಯಂತೆ ಪ್ರೇಕ್ಷಕರತ್ತ ಎಸೆಯುತ್ತಿದ್ದರು. ನಗು ಬರುತ್ತಿತ್ತು, ಆದರೆ ಇಬ್ಬರ ನಡುವಿನ ಮಮತೆ ಅಷ್ಟೇ ಬೇಗ ಆರಿಹೋಗುತ್ತಿತ್ತು. ಅದೇ ಮಾತನ್ನು ಎದುರಿಗಿರುವವರ ಮುಖದಿಂದ ದೃಷ್ಟಿ ತೆಗೆಯದೆ, ಅರ್ಧ ತಮಗೆ ತಾವೇ ಎಂಬಂತೆ ಹೇಳಿದಾಗ ನಗುವೂ ಉಳಿಯಿತು, ನೋವೂ ಉಳಿಯಿತು. ಹೊಸ ತಂಡಗಳಿಗೆ ನಾನು ನಿಸ್ಸಂಕೋಚವಾಗಿ ಹೇಳುವುದು ಇದೇ ನಾಟಕವನ್ನು, ನಡುಗುವ ದನಿಯ ಮುದಿತನವನ್ನು ನಟಿಸಬಾರದೆಂಬ ಒಂದೇ ಷರತ್ತಿನೊಂದಿಗೆ.

ಇಂಗ್ಲೆಂಡಿನ ಪಿಂಟರ್‌ನ 'ನೈಟ್' 1969ರಲ್ಲಿ ಮೊದಲು ಪ್ರದರ್ಶನಗೊಂಡ ಬಹಳ ಚಿಕ್ಕ ಕೃತಿ. ನಲವತ್ತು ದಾಟಿದ ಗಂಡ ಹೆಂಡತಿ ಕಾಫಿ ಕುಡಿಯುತ್ತ ತಮ್ಮ ಮೊದಲ ದಿನವನ್ನು ನೆನೆಯುತ್ತಾರೆ. ಅವನ ನೆನಪಿನಲ್ಲಿ ಸೇತುವೆಯಿದೆ, ಅವಳ ನೆನಪಿನಲ್ಲಿ ಬೇಲಿಯ ಕಂಬಿಗಳಿವೆ. ಯಾರು ಸರಿ ಎಂಬುದು ಕೊನೆಗೂ ಇತ್ಯರ್ಥವಾಗುವುದಿಲ್ಲ. ಇಬ್ಬರು ನಟರೂ ತಮ್ಮ ತಮ್ಮ ಜಾಗವನ್ನು ಬೇರೆಬೇರೆಯಾಗಿ ಕಲ್ಪಿಸಿಕೊಂಡು, ಒಬ್ಬರಿಗೊಬ್ಬರು ತಿಳಿಸದೆ ತಾಲೀಮಿಗೆ ಬಂದರೆ ಸಂಭಾಷಣೆಗೆ ಜೀವ ಬರುತ್ತದೆ. ಆದರೆ ಇದೊಂದನ್ನೇ ನಂಬಿ ಪ್ರೇಕ್ಷಕರನ್ನು ಕರೆಯಲಾಗದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು ಸ್ವೀಡನ್ನಿನ ಸ್ಟ್ರಿಂಡ್‌ಬರ್ಗ್‌ನ 'ದಿ ಸ್ಟ್ರಾಂಗರ್'. 1889ರ ಈ ನಾಟಕದಲ್ಲಿ ಕ್ರಿಸ್‌ಮಸ್ ಹಿಂದಿನ ದಿನ ಇಬ್ಬರು ನಟಿಯರು ಕೆಫೆಯೊಂದರಲ್ಲಿ ಎದುರಾಗುತ್ತಾರೆ. ಮದುವೆಯಾದವಳು ಮಾತ್ರ ಮಾತನಾಡುತ್ತಾಳೆ; ಇನ್ನೊಬ್ಬಳು ಪತ್ರಿಕೆ ತಿರುವುತ್ತ ಒಂದು ಮಾತನ್ನೂ ಆಡುವುದಿಲ್ಲ. ಗಂಡನಿಗೆಂದು ಟ್ಯುಲಿಪ್ ಹೂಗಳ ಕಸೂತಿ ಹಾಕಿದ ಚಪ್ಪಲಿಗಳೊಳಗೆ ಕೈತೂರಿಸಿ ಅವನ ನಡಿಗೆಯನ್ನು ಅಣಕಿಸುವಾಗ ಅವಳು ಗೆದ್ದವಳ ಗತ್ತಿನಲ್ಲಿದ್ದಾಳೆ. ಸ್ವಲ್ಪ ಹೊತ್ತಿನಲ್ಲೇ, ತನಗೆ ಹಿಡಿಸದ ಆ ಟ್ಯುಲಿಪ್ ಹೂಗಳು ಎದುರಿಗಿರುವವಳ ಮೆಚ್ಚಿನವೆಂದೂ ಮಗನಿಗಿಟ್ಟ ಹೆಸರು ಅವಳ ತಂದೆಯದೆಂದೂ ಒಂದೊಂದಾಗಿ ಹೊಳೆಯತೊಡಗಿ, ಗಂಡನಿಗೂ ಆಕೆಗೂ ಸಂಬಂಧವಿತ್ತೆಂದು ಅರಿವಾಗಿ, ಹೇಳುತ್ತಿರುವಂತೆಯೇ ಮಾತನಾಡುವವಳ ಬದುಕಿನ ಅರ್ಥ ಬದಲಾಗಿಬಿಡುತ್ತದೆ. ಹಳೆಯದನ್ನು ಹೇಳುವುದೇ ಹೊಸ ಘಟನೆಯಾಗುವುದನ್ನು ಉಳಿದ ಮೂರರಲ್ಲಿ ನಾನು ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಇಲ್ಲಿ ಮೌನದ ಪಾತ್ರವೇ ಕಠಿಣ. ಪ್ರತಿ ವಾಕ್ಯಕ್ಕೂ ಮುಖದಲ್ಲಿ ಉತ್ತರ ಕೊಡುವ ನಟಿ ಎದುರಿನವಳ ಶೋಧವನ್ನು ಮೊದಲೇ ಬಯಲು ಮಾಡುತ್ತಾಳೆ. ಏನೂ ಮಾಡದವಳು ರಂಗದಿಂದಲೇ ಮರೆಯಾಗುತ್ತಾಳೆ. ನಮಗೆ ಅನುಕೂಲವಾದದ್ದು ಇಬ್ಬರಿಗೂ ಎರಡೂ ಪಾತ್ರಗಳನ್ನು ಕಲಿಸಿ ಅದಲುಬದಲು ಮಾಡಿದ್ದು. ಒಮ್ಮೆ ಮೌನವಾಗಿ ಕುಳಿತು ಆ ಮಾತುಗಳನ್ನೆಲ್ಲ ಕೇಳಿಸಿಕೊಂಡವಳು ಮರುದಿನ ಅವನ್ನೇ ಆಡುವಾಗ, ಎಲ್ಲಿ ತಡೆದು ಎದುರಿನವಳ ಮುಖ ನೋಡಬೇಕೆಂದು ನಿರ್ದೇಶಕರು ಹೇಳಿಕೊಡುವ ಅಗತ್ಯವೇ ಬರಲಿಲ್ಲ.